ಕಿಟಕಿಯಕ್ಕನ ಹಣೆಯ ಗುರುತು

ಎಲ್ಲ ಊರಿನ ದೊಡ್ಡಾಸ್ಪತ್ರೆಯಲ್ಲೂ ಒಂದು ಕಿಟಕಿ ಇರುತ್ತದೆ. ಅದರ ಮುಂದೆ ನಿಂತು, ಹೆಸರು ಹೇಳಿ, ಚೀಟಿ ತೆಗೆದುಕೊಂಡರೆ ಮಾತ್ರ ಡಾಕ್ಟರ ಮುಖ ಕಾಣುವುದು. ಜ್ವರದವರಿಗೂ ಅದೇ ಕಿಟಕಿ, ಕೈ ಮುರಿದವರಿಗೂ ಅದೇ ಕಿಟಕಿ. ಈ ಊರಿನ ಕಿಟಕಿಯ ಮುಂದೆ ಎರಡು ಸಾಲು. ಎಡಗಡೆ ಗಂಡಸರು, ಬಲಗಡೆ ಹೆಂಗಸರು. ನಡುವೆ ಒಂದಾಳು ನಿಲ್ಲುವಷ್ಟು ಜಾಗ. ಎರಡೂ ಕಡೆಯವರು ತಳ್ಳಿದ ಜನ ಬಂದು ನಿಲ್ಲುತ್ತಿದ್ದುದು ಆ ಜಾಗದಲ್ಲಿ. ಅವರ ಪಕ್ಕದಲ್ಲಿ ಬಂದು ನಿಂತು, ಚೀಟಿ ಕೈಗೆ ಬರುವ ತನಕ ಕದಲದೆ ಇದ್ದವಳೊಬ್ಬಳು. ಊರಿನವರು ಅವಳಿಗೆ ಕಿಟಕಿಯಕ್ಕ ಎಂದೇ ಹೆಸರಿಟ್ಟಿದ್ದರು.

ಕಿಟಕಿಯಕ್ಕ ಟ್ರಾನ್ಸ್‌ಜೆಂಡರ್ ಹೆಣ್ಣು. ಹುಟ್ಟಿದಾಗ ಗಂಡು ಎಂದು ಬರೆಸಿದ್ದರು. ತಾನು ಹೆಣ್ಣು ಎಂಬುದು ಅವಳಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಮನೆಗೂ ಗೊತ್ತಿತ್ತು. ಆದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದರಲ್ಲಿ ಮನೆಗಳಿಗಿಂತ ಜಾಣರು ಯಾರಿದ್ದಾರೆ?

ಅವಳ ಅಣ್ಣನದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಫೋಟೋ ಸ್ಟುಡಿಯೋ. ಅಪ್ಪನ ಕಾಲದ್ದು. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಅವನು ಮತ್ತು ಅಮ್ಮ ಇಬ್ಬರೇ. ಒಂದು ಸ್ಟೂಲು, ಬಿಳಿ ಪರದೆ, ಕೊಡೆಯಂಥ ಎರಡು ದೀಪ, ಗೋಡೆಗೊಂದು ಕನ್ನಡಿ, ಅದರ ಕೆಳಗೆ ದಾರ ಕಟ್ಟಿದ ಬಾಚಣಿಗೆ. ದಾರ ಕಟ್ಟದಿದ್ದರೆ ಬಾಚಣಿಗೆಗೂ ಕಾಲು ಬರುತ್ತದೆ ಎನ್ನುತ್ತಿದ್ದ. ಫೋಟೋ ತೆಗೆಯುವುದಕ್ಕಿಂತ ತಿದ್ದುವುದರಲ್ಲಿ ಅವನ ಕೈ ಪಳಗಿತ್ತು. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು, ಸಿಡುಬಿನ ಕಲೆ, ಯಾವುದೇ ಇರಲಿ, ಕಂಪ್ಯೂಟರಿನ ಮುಂದೆ ಕೂತನೆಂದರೆ ಒರೆಸಿದಂತೆ ಮಾಯ. "ಕನ್ನಡಿ ಬೈಯುತ್ತೆ, ಸ್ಟುಡಿಯೋದಣ್ಣ ಮುದ್ದು ಮಾಡ್ತಾನೆ" ಎಂದು ಗಿರಾಕಿಗಳು ನಗುತ್ತಿದ್ದರು.

ಒಂದು ಮಧ್ಯಾಹ್ನ ಲೈಬ್ರರಿ ಮೇಡಂ ಬಂದಳು. ಊರಿನ ಗ್ರಂಥಾಲಯ ನೋಡಿಕೊಳ್ಳುವವಳು. ವಾರಕ್ಕೊಮ್ಮೆ ಅಲ್ಲಿ ಓದುವ ಬಳಗ ನಡೆಸುವವಳೂ ಅವಳೇ.

"ಅಣ್ಣ, ಕೈ ಖಾಲಿ ಇದೆಯಾ?"

"ಕೈ ಯಾವಾಗಲೂ ಖಾಲಿನೇ ಮೇಡಂ. ಬನ್ನಿ, ಕೂತ್ಕೊಳ್ಳಿ. ಚಿಕ್ಕ ಫೋಟೋನಾ, ದೊಡ್ಡದಾ?"

"ನನ್ನದಲ್ಲ. ಕಿಟಕಿಯಕ್ಕನದು."

ಮೌಸಿನ ಮೇಲಿದ್ದ ಅವನ ಬೆರಳು ನಿಂತಿತು. ಹೊರಗೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿದ.

"ಅವಳ ಮೊಣಕಾಲು ಹೋಗಿದೆ, ಗೊತ್ತಲ್ಲ?" ಮೇಡಂ ಕೇಳಿದಳು.

"ಗೊತ್ತು. ಅಮ್ಮನ ನೋಡೋಕೆ ಹಿತ್ತಲ ಬಾಗಿಲಿಂದ ಬರ್ತಾಳೆ. ಮೆಟ್ಟಿಲು ಹತ್ತುವಾಗ ನೋಡಿದೀನಿ."

"ಅವಳು ಕಿಟಕಿ ಹತ್ರ ಇದ್ದರೆ ಚೀಟಿ ಕೊಡ್ತಾರೆ. ಇಲ್ಲದಿದ್ದರೆ ಇಲ್ಲ. ಮೊನ್ನೆ ಅವಳು ಹೋಗೋಕಾಗಲಿಲ್ಲ. ನಮ್ಮ ಬಳಗಕ್ಕೆ ಬರೋ ಹುಡುಗಿ ಒಬ್ಬಳು, ಅವಳೂ ಟ್ರಾನ್ಸ್‌ಜೆಂಡರ್, ಜ್ವರದಲ್ಲಿ ಹೋಗಿದಾಳೆ. ಆ ಸಾಲಿಂದ ಈ ಸಾಲಿಗೆ, ಈ ಸಾಲಿಂದ ಆ ಸಾಲಿಗೆ ಓಡಿಸಿ ಕೊನೆಗೆ ಬರಿಗೈಯಲ್ಲಿ ಕಳಿಸಿದಾರೆ. ಯಾರು ಯಾವ ಸಾಲು ತಮ್ಮದು ಅಂತಾರೋ ಆ ಸಾಲಲ್ಲೇ ಚೀಟಿ ಕೊಡಬೇಕು, ಅದು ನಿಯಮ ಆಗಬೇಕು ಅಂತ ಆಸ್ಪತ್ರೆ ಸಮಿತಿಯನ್ನ ಕೇಳಿದ್ವಿ. ಏನಂದ್ರು ಗೊತ್ತಾ? ನಮ್ಮಲ್ಲಿ ಯಾವತ್ತೂ ಯಾರನ್ನೂ ವಾಪಸ್ ಕಳಿಸಿಲ್ಲ, ಯಾರ ಮೇಲೂ ಕೈ ಮಾಡಿಲ್ಲ, ನಡೆದಿದ್ದರೆ ತೋರಿಸಿ ಅಂದ್ರು."

"ಅದಕ್ಕೆ ನಾನೇನು ಮಾಡ್ಲಿ?"

"ಅವಳ ಬದುಕನ್ನ ಪುಸ್ತಕ ಮಾಡ್ತಿದೀವಿ. ಸಮಿತಿಯ ಸಭೆಗೆ ಒಯ್ಯೋಕೆ. ಅವಳ ಮಾತು, ನೋಡಿದವರ ಮಾತು, ಫೋಟೋ. ಅವಳ ಕಾಲು ನಿಲ್ಲದಿದ್ದರೆ ಪುಸ್ತಕ ನಿಲ್ಲಲಿ."

ಅಣ್ಣ ಕುರ್ಚಿಯಲ್ಲಿ ಹಿಂದೆ ಸರಿದ. "ಮನೆ ಮಾತನ್ನ ಬೀದಿಗೆ ಹಾಕೋದು ಯಾಕೆ ಮೇಡಂ? ಹುಣ್ಣು ಕೆರೆದಷ್ಟೂ ಕೆಂಪು."

"ಬೀದಿಗೆ ಹಾಕಿದ್ದು ಪುಸ್ತಕ ಅಲ್ಲವಲ್ಲ ಅಣ್ಣ. ಅವಳು ಬೀದಿಗೆ ಬಿದ್ದಾಗ ನಾವಿನ್ನೂ ಪೆನ್ನೇ ಹಿಡಿದಿರಲಿಲ್ಲ."

"ಜನ ನಗ್ತಾರೆ."

"ಈಗೇನು ಅಳ್ತಿದಾರಾ?"

ಅವನಿಗೆ ನಗು ಬಂತು, ತಡೆದುಕೊಂಡ. "ನೀವು ಏನೇನೋ ಕೇಳ್ತೀರಿ. ಅವಳ ಮೈ, ಆಪರೇಷನ್ನು, ಅದು ಇದು. ಪೇಪರಿನವರು ಬಂದಾಗ ಕೇಳೋದೇ ಅದು."

"ನಿಮ್ಮ ಮೈಯಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ನಾನು ಯಾವತ್ತಾದರೂ ಕೇಳಿದೀನಾ? ಅವಳನ್ನೂ ಕೇಳಲ್ಲ. ಮೊದಲು ಒಪ್ಪಿಗೆ ಕೇಳಿದೀವಿ. ಅವಳು ಹೇಳಿದ್ದನ್ನ ಅವಳ ಮಾತಲ್ಲೇ ಬರೀತೀವಿ. ಬರೆದದ್ದನ್ನ ಅವಳ ಮುಂದೆ ಓದ್ತೀವಿ. ಇದು ಬೇಡ ಅಂದ್ರೆ ತೆಗೀತೀವಿ, ಯಾಕೆ ಅಂತಾನೂ ಕೇಳಲ್ಲ. ಬೇರೆಯವರ ಹೆಸರು, ಮನೆ ವಿಳಾಸ ಅವರನ್ನ ಕೇಳದೆ ಹಾಕಲ್ಲ. ಕಥೆ ಅವಳದ್ದು ಅಣ್ಣ. ನಾವು ಬರೀ ಹೊತ್ತು ತರೋರು."

ಅವನು ಬಾಚಣಿಗೆಯ ದಾರದ ಗಂಟನ್ನು ಒಮ್ಮೆ ಬಿಗಿ ಮಾಡಿದ. "ಫೋಟೋ ತೆಗೀತೀನಿ. ಮಾತು ಗೀತು ನನ್ನಿಂದ ಆಗಲ್ಲ. ಭಾನುವಾರ ಬರಲಿ, ಅಂಗಡಿ ರಜೆ. ಶಟರ್ ಅರ್ಧ ಇಳಿಸಿರ್ತೀನಿ, ಒಳಗೆ ಬಂದುಬಿಡಿ."

ಭಾನುವಾರ ಶಟರ್ ಅರ್ಧ ಇಳಿದಿತ್ತು. ಮೇಡಂ ಬಗ್ಗಿ ಒಳಗೆ ಬಂದಳು. ಆಚೆ ಎರಡು ಕಾಲು, ಒಂದು ಊರುಗೋಲು ಕಾಣುತ್ತಿದ್ದವು. ಅವು ಅಲ್ಲೇ ನಿಂತವು.

"ಬಗ್ಗೋಕಾಗಲ್ಲ ಅಣ್ಣ," ಎಂದಿತು ಆಚೆಯ ದನಿ. "ಇನ್ನೊಂದಿಷ್ಟು ಎತ್ತು."

ಅವನು ಎತ್ತಿದ. ಸಾಲಲಿಲ್ಲ. ಕಿಟಕಿಯಕ್ಕ ಎತ್ತರದ ಹೆಂಗಸು, ಅಪ್ಪನ ಎತ್ತರ. ಪೂರ್ತಿ ಎತ್ತಲೇಬೇಕಾಯಿತು. ಶಟರು ಬೀದಿಗೆಲ್ಲ ಕೇಳುವಂತೆ ಗಡಗಡ ಸದ್ದು ಮಾಡಿತು. ಎದುರು ಅಂಗಡಿಯವರು ತಿರುಗಿ ನೋಡಿದರು. ಅವಳು ಊರುಗೋಲು ಊರಿಕೊಂಡು, ತನಗೇನೂ ಅವಸರವಿಲ್ಲವೆಂಬಂತೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

ಮೇಡಂ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಕೇಳಿದಳು: "ಅಕ್ಕ, ನಿನ್ನ ಮಾತು ಇದರಲ್ಲಿ ಉಳಿಯುತ್ತೆ. ಸರೀನಾ?"

"ಸರಿ. ಸಾಕು ಅಂದಾಗ ನಿಲ್ಲಿಸು."

ಅಣ್ಣ ದೀಪ ಹೊಂದಿಸತೊಡಗಿದ. ಅವಳು ಆ ದೀಪವನ್ನೇ ನೋಡುತ್ತ ಮಾತಾಡಿದಳು.

"ಈ ಸ್ಟೂಲಿನ ಮೇಲೇ ನಾನು ಬೆಳೆದದ್ದು. ಬೆಳಕು ಸರಿ ಇದೆಯಾ ನೋಡೋಕೆ ಅಪ್ಪ ನನ್ನನ್ನೇ ಕೂರಿಸ್ತಿದ್ರು. ಅಣ್ಣ ಚಡಪಡಿಸ್ತಿದ್ದ, ನಾನು ಗೊಂಬೆ ಥರ ಕೂರ್ತಿದ್ದೆ. ಒಂದಿನ ಯಾರೋ ಗಿರಾಕಿ ಹೆಂಗಸು ಶಾಲು ಬಿಟ್ಟು ಹೋಗಿದ್ರು. ಅದನ್ನ ಹೊದ್ದು ಕೂತೆ. ಅಪ್ಪ ಕ್ಯಾಮೆರಾದಿಂದ ತಲೆ ಎತ್ತಿದ್ರು. ಬೈಯಲಿಲ್ಲ, ಹೊಡೀಲಿಲ್ಲ. ದೀಪ ಆರಿಸಿದ್ರು. ಅವತ್ತಿಂದ ನನ್ನ ಕೂರಿಸಲಿಲ್ಲ."

ಅಣ್ಣನ ಕೈ ದೀಪದ ಸ್ವಿಚ್ಚಿನ ಮೇಲಿತ್ತು. ಅದನ್ನು ಮೆಲ್ಲಗೆ ತೆಗೆದ.

"ಮನೆ ಬಿಟ್ಟ ಮೇಲೆ ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಕೆಲಸ ಸಿಕ್ತು. ಹಾಸಿಗೆಯ ಚಾದರ, ಡಾಕ್ಟರ ಕೋಟು, ಎಲ್ಲ ನಮ್ಮ ಕೈಲೇ ಬೆಳ್ಳಗಾಗ್ತಿತ್ತು. ಜೊತೆಗೆ ಒಬ್ಬಳು ಗೆಳತಿ ಇದ್ದಳು, ನನ್ನಂಥವಳೇ. ಅವಳಿಗೆ ಜ್ವರ ಏರಿತು. ಕಿಟಕಿಗೆ ಕರ್ಕೊಂಡು ಹೋದೆ. ಹೆಂಗಸರ ಸಾಲಲ್ಲಿ ನಿಂತ್ವಿ, ಆ ಕಡೆ ಹೋಗಿ ಅಂದ್ರು. ಗಂಡಸರ ಸಾಲಿಗೆ ಹೋದ್ವಿ, ಅಲ್ಲಿ ಶಿಳ್ಳೆ ಹೊಡೆದ್ರು, ಒಳಗಿಂದ ಈ ಕಡೆ ಹೋಗಿ ಅಂದ್ರು. ಅವಳು ನಡುವೆ ಕೂತುಬಿಟ್ಟಳು. ಕಿಟಕಿ ಮುಚ್ಚೋ ಹೊತ್ತಾಯ್ತು, ಮುಚ್ಚಿದ್ರು. ಆಮೇಲೆ ಅವಳು ಉಳೀಲಿಲ್ಲ. ನಾವು ಒಗೆದ ಚಾದರ ಇಡೀ ಊರಿಗೆ ಆಗ್ತಿತ್ತು. ಅದರ ಮೇಲೆ ಮಲಗೋಕೆ ಅವಳೊಬ್ಬಳಿಗೆ ಜಾಗ ಇರಲಿಲ್ಲ."

ಮೇಡಂ ನಿಲ್ಲಿಸಲೇ ಎಂದು ಸನ್ನೆ ಮಾಡಿದಳು. ಅವಳು ಬೇಡವೆಂದು ತಲೆಯಾಡಿಸಿದಳು.

"ಆಮೇಲೆ ನಾನು ನಿಲ್ಲೋಕೆ ಶುರು ಮಾಡಿದೆ. ಯಾರನ್ನ ತಳ್ಳಿದರೂ ಅವರ ಪಕ್ಕ ಹೋಗಿ ನಿಂತೆ. ಒಂದಿನ, ಚೀಟಿ ಕೊಡಿ ಸ್ವಾಮಿ ಅಂತ ಕಿಟಕಿಯೊಳಗೆ ತಲೆ ಹಾಕಿ ಕೇಳ್ತಿದ್ದೆ. ಒಳಗಿನವನು ಕಬ್ಬಿಣದ ಶಟರು ಎಳೆದುಬಿಟ್ಟ. ಅದರ ಅಂಚು ಇಲ್ಲಿಗೆ ಬಡೀತು." ಎಡ ಹುಬ್ಬಿನ ಮೇಲಿಂದ ಕೂದಲಿನವರೆಗೆ ಹೋಗಿದ್ದ ಗಾಯದ ಗೆರೆಯನ್ನು ಬೆರಳಿಂದ ತೋರಿಸಿದಳು. "ದೂರು ಕೊಡೋಕೆ ಹೋದೆ. ಎಡವಿ ಬಿದ್ದಿರಬೇಕು ನೀನು ಅಂದ್ರು. ಇಷ್ಟೇ. ಸಾಕು."

ಫೋನು ನಿಂತಿತು. ಅಣ್ಣ ಹತ್ತಿರ ಬಂದು, ಎಲ್ಲ ಗಿರಾಕಿಗಳಿಗೂ ಮಾಡುವಂತೆ, ಅವಳ ಗಲ್ಲ ಹಿಡಿದು ಮುಖವನ್ನು ಚೂರು ತಿರುಗಿಸಿದ. ಅವನ ಬೆರಳು ತಣ್ಣಗಿದ್ದವು.

"ನಗಬೇಕಾ?" ಅವಳು ಕೇಳಿದಳು.

"ನಿನ್ನಿಷ್ಟ."

"ನಕ್ಕರೆ ಇವಳಿಗೇನು ಕಷ್ಟ ಅಂತಾರೆ. ಅತ್ತರೆ ನಾಟಕ ಅಂತಾರೆ. ಸುಮ್ಮನೆ ನಿನ್ನ ನೋಡ್ತೀನಿ, ತೆಗಿ."

ಅವನು ತೆಗೆದ.

ಮಾರನೆಯ ದಿನ ಅಂಗಡಿಯ ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಕಂಪ್ಯೂಟರಿನಲ್ಲಿ ಆ ಫೋಟೋ ತೆರೆದು ಕೂತ. ಇಷ್ಟು ವರ್ಷ ತಾನು ಅವಳಿಗಾಗಿ ಏನೂ ಮಾಡಲಿಲ್ಲ. ಇದೊಂದನ್ನಾದರೂ ಮನಸಾರೆ ಮಾಡೋಣ ಎನ್ನಿಸಿತು. ಪಕ್ಕದ ಚರ್ಮವನ್ನು ತಂದು ತಂದು ಗಾಯದ ಗೆರೆಯ ಮೇಲೆ ಹಚ್ಚಿದ. ಕಣ್ಣಿನ ಸುತ್ತಲಿನ ಸುಕ್ಕು ತೆಗೆದ. ದವಡೆಯ ಅಗಲ ಸ್ವಲ್ಪ ಕಡಿಮೆ ಮಾಡಿದ. ಬಣ್ಣ ತುಸು ತಿಳಿ ಮಾಡಿದ. ಬಿಸಿಲು ಇಳಿಯುವ ಹೊತ್ತಿಗೆ ಪರದೆಯ ಮೇಲೆ ಚೆಂದದ ಹೆಂಗಸೊಬ್ಬಳು ಕೂತಿದ್ದಳು. ಮಗಳನ್ನು ಸಿಂಗರಿಸಿದ ತಾಯಿಯ ಹಾಗೆ ಅವನ ಎದೆ ತುಂಬಿತು. ದೊಡ್ಡದಾಗಿ ಪ್ರಿಂಟ್ ಹಾಕಿ, ಒಳ್ಳೆಯ ಕಾಗದದಲ್ಲಿ ಸುತ್ತಿಕೊಂಡು ಲೈಬ್ರರಿಗೆ ಹೋದ.

ಅಲ್ಲಿ ಮೇಡಂ ಬರೆದದ್ದನ್ನು ಓದಿ ಹೇಳುತ್ತಿದ್ದಳು. ಕಿಟಕಿಯಕ್ಕ ಕಣ್ಣು ಮುಚ್ಚಿ ಕೇಳುತ್ತ ಅಲ್ಲಲ್ಲಿ "ಅದು ಬೇಡ", "ಹಾಗಲ್ಲ, ಹೀಗೆ" ಎನ್ನುತ್ತಿದ್ದಳು. ಅಣ್ಣ ಕಾಗದ ಬಿಚ್ಚಿ ಫೋಟೋವನ್ನು ಮೇಜಿನ ಮೇಲೆ ಒರಗಿಸಿದ.

ಅವಳು ನೋಡಿದಳು. ಹತ್ತಿರ ತಂದುಕೊಂಡು ನೋಡಿದಳು. ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಹೋಯಿತು.

"ಚೆಂದ ಇದಾಳೆ," ಎಂದಳು. "ಗಾಯ ಎಲ್ಲಿ ಹೋಯ್ತು?"

"ತೆಗೆದೆ. ಎಷ್ಟು ಹೊತ್ತು ಹಿಡೀತು ಗೊತ್ತಾ? ಗುರುತೂ ಸಿಗಲ್ಲ ನೋಡು."

"ಹೌದು, ಸಿಗಲ್ಲ." ಅವಳು ಫೋಟೋವನ್ನು ಮೆಲ್ಲಗೆ ಕೆಳಗಿಟ್ಟಳು. "ಈ ಹೆಂಗಸಿಗೆ ಯಾರೂ ಏನೂ ಮಾಡಿಲ್ಲ ಅಣ್ಣ."

ಅವನಿಗೆ ಅರ್ಥವಾಗಲಿಲ್ಲ. ಮೇಡಂ ತಗ್ಗಿದ ದನಿಯಲ್ಲಿ ಹೇಳಿದಳು: "ಅಂಥದ್ದು ನಡೆದೇ ಇಲ್ಲ ಅಂತ ಸಮಿತಿಯವರು ಬಾಯಲ್ಲಿ ಹೇಳಿದ್ರು. ನೀವು ಅದನ್ನೇ ಕಲರಲ್ಲಿ ಹೇಳಿದೀರಿ."

"ಒಳ್ಳೇದು ಮಾಡೋಕೆ ಬಂದರೆ ಹೀಗಾ?" ಅಣ್ಣನ ಮುಖ ಕೆಂಪಾಯಿತು. "ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿ ನನ್ನ ಕೆಲಸಕ್ಕೆ ಹೆಸರಿಟ್ಟಿಲ್ಲ. ನಿಮಗೆ ಬೇಕಾದವರ ಹತ್ರ ತೆಗೆಸ್ಕೊಳ್ಳಿ."

ಫೋಟೋ ಅಲ್ಲೇ ಬಿಟ್ಟು ಹೊರಟುಬಿಟ್ಟ. ಕಿಟಕಿಯಕ್ಕ ಎದ್ದು ಹಿಂದೆ ಬರಲು ನೋಡಿದಳು; ಮೊಣಕಾಲು ಬಿಡಲಿಲ್ಲ.

ಮನೆಯಲ್ಲಿ ಅಮ್ಮ ಬಟಾಣಿ ಬಿಡಿಸುತ್ತ ಕೂತಿದ್ದಳು. ಅಮ್ಮನಿಗೆ ಒಂದು ಕಣ್ಣು ಓರೆ. ಮಾತು ಮಾತ್ರ ನೇರ.

"ಮುಖ ಯಾಕೋ ಸುಟ್ಟ ಬದನೆಕಾಯಿ ಥರ ಮಾಡ್ಕೊಂಡಿದೀಯ?"

ಅವನು ಹೇಳಿದ. ಎಲ್ಲ ಕೇಳಿ ಅಮ್ಮ ಒಂದು ಸಿಪ್ಪೆಯನ್ನು ಅವನ ಕಡೆ ಎಸೆದಳು.

"ನನ್ನ ಮದುವೆ ಫೋಟೋ ನೋಡಿದೀಯಲ್ಲ?"

"ನೋಡದೆ ಏನು. ದಿನಾ ಗೋಡೆ ಮೇಲಿರುತ್ತೆ."

"ಅದರಲ್ಲಿ ನನ್ನ ಕಣ್ಣು ಹೇಗಿದೆ?"

ಅವನು ತಿರುಗಿ ನೋಡಿದ. ಎರಡು ಕಣ್ಣೂ ನೆಟ್ಟಗಿದ್ದವು. ಇಷ್ಟು ವರ್ಷ ಅದನ್ನು ಗಮನಿಸಿರಲೇ ಇಲ್ಲ.

"ನಿಮ್ಮಪ್ಪ ತಿದ್ದಿದ್ದು. ನನಗೆ ಖುಷಿಯಾಗಲಿ ಅಂತ. ಪಾಪ, ಸಣ್ಣ ಬ್ರಷ್ಷು ಹಿಡಿದು ಎಷ್ಟು ಹೊತ್ತು ಕೂತಿದ್ರೋ. ನನಗೆ ಅದನ್ನ ನೋಡಿದಾಗಲೆಲ್ಲ, ಯಾರಪ್ಪ ಇವಳು, ನನ್ನ ಗಂಡನ ಪಕ್ಕ ನಿಂತಿರೋ ಸವತಿ ಅನ್ಸುತ್ತೆ. ಅವರ ಪ್ರೀತಿ ನಿಜ ಕಣೋ. ಆದರೆ ಅವರು ಪ್ರೀತಿ ಮಾಡಿದ್ದು ಅವಳನ್ನೋ, ನನ್ನನ್ನೋ? ಅದು ನನಗೆ ಇವತ್ತಿಗೂ ಗೊತ್ತಾಗಲಿಲ್ಲ."

ಅವನು ಅಮ್ಮನ ಪಕ್ಕ ನೆಲದ ಮೇಲೆ ಕೂತ. ಒಂದು ಬಟಾಣಿ ಕಾಯಿ ತೆಗೆದುಕೊಂಡು ಸುಮ್ಮನೆ ಬಿಡಿಸಿದ.

"ಅವತ್ತು ಅವಳು ಹಣೆ ಒಡೆದುಕೊಂಡು ಹಿತ್ತಲಿಗೆ ಬಂದಳಲ್ಲ," ಅಮ್ಮ ಅಂದಳು, "ರಕ್ತ ತೊಳೆದದ್ದು ಯಾರು?"

"ನೀನು."

"ನೀನೆಲ್ಲಿದ್ದೆ?"

"ಟವೆಲ್ ಹಿಡ್ಕೊಂಡು ನಿಂತಿದ್ದೆ. ಆಮೇಲೆ ಶಟರಿನ ತುಕ್ಕು ಗಾಯಕ್ಕೆ ಸೇರುತ್ತೆ ಅಂತ ಇಂಜೆಕ್ಷನ್ ಹಾಕಿಸೋಕೆ ಬೇರೆ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಹಿಂದಿನ ಓಣಿಯಿಂದ."

"ಹಾಗಾದ್ರೆ ಅಂಥದ್ದು ನಡೆದೇ ಇಲ್ಲ ಅಂತ ಸಮಿತಿಯವರು ಹೇಳೋದು ಸುಳ್ಳು. ನೋಡಿದವರು ಇಬ್ಬರಿದೀವಿ. ನನ್ನ ಕಾಲಂತೂ ಅಲ್ಲಿವರೆಗೆ ಬರಲ್ಲ. ಆ ಮೇಡಂ ಫೋನಲ್ಲಿ ಮಾತು ಹಿಡೀತಾಳಂತಲ್ಲ, ಬರಹೇಳು. ನನ್ನ ಮಗಳ ವಿಷಯ ನಾನು ಹೇಳದೆ ಇನ್ಯಾರು ಹೇಳ್ತಾರೆ?"

ಮಗಳು ಎಂದು ಅಮ್ಮ ಎಷ್ಟು ಸಲೀಸಾಗಿ ಅಂದಳೆಂದರೆ, ಬಹಳ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತಿರಬೇಕು ಅದು. ಅವನು ಎದ್ದು ಅಂಗಡಿಗೆ ಹೋದ. ತಿದ್ದುವ ಮೊದಲಿನ ಫೋಟೋ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಅದರಲ್ಲಿ ಸುಕ್ಕಿತ್ತು, ಅಗಲ ದವಡೆಯಿತ್ತು, ಗಾಯವಿತ್ತು. ಅವಳು ನೇರವಾಗಿ ಅವನನ್ನೇ ನೋಡುತ್ತಿದ್ದಳು. ಯಾವುದನ್ನೂ ಮುಟ್ಟದೆ ಪ್ರಿಂಟ್ ಹಾಕಿ, ಲೈಬ್ರರಿಗೆ ಒಯ್ದು ಕೊಟ್ಟ.

ಸಮಿತಿಯ ಸಭೆ ಆಸ್ಪತ್ರೆಯ ಮಹಡಿಯಲ್ಲಿ. ಕಿಟಕಿಯಕ್ಕನನ್ನು ಅಣ್ಣ ಒಂದು ಕಡೆ, ಮೇಡಂ ಒಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದರು. ಅಧ್ಯಕ್ಷರು ಪುಸ್ತಕವನ್ನು ತಿರುವಿ ಹಾಕಿದರು. ಮೇಡಂ ಫೋನಿನಲ್ಲಿ ಹಿಡಿದಿಟ್ಟಿದ್ದ ಅಮ್ಮನ ದನಿಯನ್ನು ಕೇಳಿಸಿದಳು.

"ಕೇಳೋಕೆ ಕಷ್ಟ ಆಗುತ್ತೆ," ಎಂದರು ಅಧ್ಯಕ್ಷರು. "ಆದರೆ ಗಾಯ ಎಲ್ಲಿ ಬೇಕಾದರೂ ಆಗಿರಬಹುದಲ್ಲ. ಅವತ್ತು ಇಲ್ಲಿ ಆದದ್ದು ಅಂತ ಹೇಳೋರು ಯಾರು?"

ಅಣ್ಣ ಎದ್ದು ನಿಂತ.

"ನಾನು ಸಾರ್. ಹಿಂದಿನ ಬೀದಿಯ ಸ್ಟುಡಿಯೋದವನು. ನಿಮ್ಮ ಸಿಬ್ಬಂದಿಯ ಗುರುತಿನ ಚೀಟಿಯ ಫೋಟೋ ಎಲ್ಲ ನನ್ನದೇ. ಆವತ್ತು ಇವಳು ಕಿಟಕಿಯಿಂದ ನೇರ ನಮ್ಮ ಹಿತ್ತಲಿಗೆ ಬಂದಳು. ನಿಮ್ಮ ಶಟರಿನ ಹಸಿರು ಬಣ್ಣದ ಚೂರು ಗಾಯದಲ್ಲಿತ್ತು. ಅಮ್ಮ ತೊಳೆಯುವಾಗ ನಾನೇ ಕಣ್ಣಾರೆ ನೋಡಿದೆ. ಪುಸ್ತಕದಲ್ಲಿರೋ ಫೋಟೋ ತೆಗೆದವನೂ ನಾನೇ. ತಿದ್ದೋದು ನನ್ನ ಕಸುಬು ಸಾರ್, ಇದರಲ್ಲಿ ಒಂದು ಕೂದಲೂ ತಿದ್ದಿಲ್ಲ."

"ನಿಮಗೂ ಇವರಿಗೂ ಏನು ಸಂಬಂಧ?"

"ನನ್ನ ತಂಗಿ."

ಕಿಟಕಿಯಕ್ಕ ಊರುಗೋಲನ್ನು ಎರಡೂ ಕೈಯಿಂದ ಹಿಡಿದು ತಲೆ ತಗ್ಗಿಸಿದಳು. ಇಷ್ಟು ವರ್ಷ ಯಾರ ಮುಂದೆಯೂ ತಗ್ಗಿಸದ ತಲೆ.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಸಮಿತಿಯ ಇನ್ನೊಬ್ಬರು ಕೇಳಿದರು.

"ಜನ ಏನಂತಾರೋ ಅನ್ನೋ ಹೆದರಿಕೆ. ನೀವೂ ಹೆದರಬೇಡಿ ಸಾರ್. ಆ ನಿಯಮ ಬರೆದುಬಿಡಿ."

ಯಾರೋ ನಕ್ಕರು. ನಗು ಅಧ್ಯಕ್ಷರ ಮುಖಕ್ಕೂ ಬಂತು. ಚರ್ಚೆ ಬಹಳ ನಡೆಯಿತು. ಮೇಡಂ ಬಿಡಲಿಲ್ಲ, ಕಿಟಕಿಯಕ್ಕ ಬಿಡಲಿಲ್ಲ. ಕೊನೆಗೆ ನಿಯಮ ಬರೆದರು: ಯಾರು ಯಾವ ಸಾಲು ತಮ್ಮದೆನ್ನುತ್ತಾರೋ ಆ ಸಾಲಿನಲ್ಲಿ, ಅವರು ಹೇಳಿದ ಹೆಸರಿನಲ್ಲಿ ಚೀಟಿ. ತಡೆದವರ ಮೇಲೆ ದೂರು ಕೊಟ್ಟರೆ ಅದನ್ನು ತೆಗೆದುಕೊಳ್ಳಲೇಬೇಕು. ಕಿಟಕಿಯ ಪಕ್ಕ ಎಲ್ಲರಿಗೂ ಕಾಣುವಂತೆ ಬೋರ್ಡು.

ಬೋರ್ಡಿನ ಬಣ್ಣ ಒಣಗಿದ ಮೇಲೆ ಒಂದು ಬೆಳಿಗ್ಗೆ, ಮೊದಲು ಬರಿಗೈಯಲ್ಲಿ ವಾಪಸಾಗಿದ್ದ ಆ ಹುಡುಗಿ ಹೆಂಗಸರ ಸಾಲಿನಲ್ಲಿ ಬಂದು ನಿಂತಳು. ಹಿಂದಿದ್ದ ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೋರ್ಡು ನೋಡಿ, "ಮುಂದೆ ಹೋಗಮ್ಮ, ಸಾಲು ಕದಲ್ತಿದೆ" ಎಂದಳು. ಕಿಟಕಿಯೊಳಗಿನವನು ಹೆಸರು ಕೇಳಿದ. ಅವಳು ಹೇಳಿದಳು. ಅವನು ಬರೆದುಕೊಟ್ಟ. ಚೀಟಿ ಹಿಡಿದು ಅವಳು ಡಾಕ್ಟರ ಕೊಠಡಿ ಎಲ್ಲಿದೆಯೆಂದು ಹುಡುಕುತ್ತ ಹೋದಳು. ಅವಳ ಪರವಾಗಿ ಜಗಳಕ್ಕೆ ನಿಂತವರು ಅಲ್ಲಿ ಯಾರೂ ಇರಲಿಲ್ಲ. ಬೇಕಾಗಿರಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಇಂಥವಳೊಬ್ಬಳು ಇರುತ್ತಾಳೆ, ಇಂಥವನೊಬ್ಬ ಇರುತ್ತಾನೆ. ನೀವು ಇಂದು ನಿಶ್ಚಿಂತೆಯಿಂದ ದಾಟುವ ಎಷ್ಟೋ ಬಾಗಿಲುಗಳನ್ನು ತಮ್ಮ ಮೈ ಕೊಟ್ಟು ತೆರೆಸಿದವರು ಅವರು. ಅವರ ಹೋರಾಟವನ್ನು ಯಾವ ಕಚೇರಿಯೂ ಬರೆದಿಟ್ಟುಕೊಂಡಿಲ್ಲ. ಬರೆದಿದ್ದರೆ ಎಡವಿ ಬಿದ್ದಳು ಎಂದೇ ಬರೆದಿರುತ್ತದೆ. ಆದ್ದರಿಂದ ನೀವು ಹೋಗಿ. ಅವರ ದನಿ ಗಟ್ಟಿಯಾಗಿರುವಾಗಲೇ ಹೋಗಿ. ಒಪ್ಪಿಗೆ ಕೇಳಿ, ಕೂತು ಕೇಳಿ. ಅವರ ಮೈಯನ್ನಲ್ಲ, ಅವರ ಬದುಕನ್ನು ಕೇಳಿ. ಬರೆದದ್ದನ್ನು ಅವರಿಗೇ ಓದಿ ತೋರಿಸಿ, ಅವರು ಹೌದೆಂದ ಮೇಲೆ ಎರಡು ಮೂರು ಕಡೆ ಪ್ರತಿ ಇಡಿ. ಮನೆಯವರಾಗಿದ್ದರೆ ಇನ್ನೂ ಒಂದು ಕೆಲಸ ನಿಮ್ಮದಿದೆ: ನೀವು ಕಂಡದ್ದನ್ನು ನಿಮ್ಮ ಬಾಯಿಂದ ಹೇಳಿ. ಅವರು ಒಂಟಿಯಾಗಿ ನಿಂತದ್ದು ಸಾಕು. ಇನ್ನು ನೀವು ಎದ್ದು ನಿಲ್ಲಿ, ಅವರು ಸ್ವಲ್ಪ ಹೊತ್ತು ಕೂರಲಿ.